ಐನೂರು ಜೋಡಿ ಕೈಗಳು

ಬ್ರಿಟನ್ನಿನ ರಾಕ್ ತಂಡ ಕ್ವೀನ್‌ನ ‘ರೇಡಿಯೋ ಗಾ ಗಾ’ ವಿಡಿಯೋ ನೋಡುವಾಗ ಗಾಯಕ ಫ್ರೆಡ್ಡಿ ಮರ್ಕ್ಯುರಿಯ ಮೇಲಿಂದ ಕಣ್ಣು ಕೀಳುವುದು ಕಷ್ಟ. ಆ ಮೀಸೆ, ಸೆಟೆದ ಬೆನ್ನು, ಗಾಳಿಯನ್ನೇ ಗುದ್ದುವಂತೆ ಮೇಲೇಳುವ ತೋಳು. ಆದರೂ ಪಲ್ಲವಿ ಬಂದಾಗ ಒಮ್ಮೆ ವಿಡಿಯೋ ನಿಲ್ಲಿಸಿ, ವೇದಿಕೆಯ ಕೆಳಗಿನ ಸಾಲುಗಳನ್ನು ನೋಡಿ. ಬಿಳಿ ಉಡುಪು ತೊಟ್ಟ ನೂರಾರು ಜನ, ಒಬ್ಬರ ಹಿಂದೆ ಒಬ್ಬರು. ತಲೆಯ ಮೇಲೆ ಎರಡು ಚಪ್ಪಾಳೆ, ಆಮೇಲೆ ಕೈಗಳೆಲ್ಲ ಒಟ್ಟಿಗೆ ಚಾಚುತ್ತವೆ. ಮತ್ತೆ ಎರಡು ಚಪ್ಪಾಳೆ. ಒಂದು ಮುಖವನ್ನೂ ಗುರುತಿಟ್ಟುಕೊಳ್ಳಲು ಕ್ಯಾಮೆರಾ ಬಿಡುವುದಿಲ್ಲ.

ಇವರು ನಟರಲ್ಲ, ನೃತ್ಯ ಕಲಿತವರೂ ಅಲ್ಲ. ಕ್ವೀನ್ ಅಭಿಮಾನಿ ಸಂಘದ ಸದಸ್ಯರು. 1983ರ ನವೆಂಬರಿನ ಚಳಿಯಲ್ಲಿ, ಲಂಡನ್ನಿನ ಹೊರಗಿರುವ ಶೆಪ್ಪರ್ಟನ್ ಸ್ಟುಡಿಯೋಗೆ ಬಂದು ನಿಂತ ಸುಮಾರು 500 ಮಂದಿ. ಹಾಡಿನ ಹಕ್ಕಿನಲ್ಲಿ ಅವರಿಗೆ ಪಾಲಿಲ್ಲ, ವಿಡಿಯೋದಲ್ಲಿ ಹೆಸರಿಲ್ಲ. ಆದರೆ ರಾಕ್ ಸಂಗೀತದ ಇತಿಹಾಸದಲ್ಲಿ ಅತಿ ಹೆಚ್ಚು ಜನ ಅನುಕರಿಸಿದ ಒಂದು ಅಭಿನಯ ಅವರದು.

ಅಂದಿನ ಅಭಿಮಾನಿ ಸಂಘ ಎಂದರೆ ಏನೆಂದು ಇಂದಿನವರಿಗೆ ಸ್ವಲ್ಪ ಹೇಳಬೇಕು. ಕ್ವೀನ್ ಸಂಘ ಶುರುವಾದದ್ದು 1970ರ ದಶಕದ ಮೊದಲರ್ಧದಲ್ಲಿ. ಚಂದಾ ಕಳಿಸಿದರೆ ವರ್ಷಕ್ಕೆ ಕೆಲವು ಸಲ ಅಂಚೆಯಲ್ಲಿ ಪತ್ರಿಕೆ ಬರುತ್ತಿತ್ತು. ಅದರಲ್ಲಿ ಮುಂದಿನ ಪ್ರವಾಸದ ಸುದ್ದಿ, ಒಂದೆರಡು ಫೋಟೋ, ಪತ್ರಮಿತ್ರರ ವಿಳಾಸ. ಸಂಘ ಇಂದಿಗೂ ನಡೆಯುತ್ತಿದೆ. ರಾಕ್ ತಂಡಗಳ ಅಭಿಮಾನಿ ಸಂಘಗಳಲ್ಲಿ ಇದೇ ಅತಿ ದೀರ್ಘಕಾಲ ಬಾಳಿದ್ದು ಎಂದು ಗಿನ್ನೆಸ್ ದಾಖಲೆಯೂ ಇದೆ. ಇಂಥ ಸಂಘದ ಸದಸ್ಯನೊಬ್ಬನಿಗೆ ‘ಬನ್ನಿ, ವಿಡಿಯೋದಲ್ಲಿ ನಿಲ್ಲಿ’ ಎಂಬ ಕರೆ ಬಂದರೆ ಅವನು ಕೂಲಿ ಎಷ್ಟೆಂದು ಕೇಳುವುದಿಲ್ಲ. ಕೆಲಸಕ್ಕೆ ರಜೆ ಹಾಕಿ, ರೈಲು ಹತ್ತುತ್ತಾನೆ. ಈ ಸಂಗತಿ ಎಲ್ಲ ಸಂಗೀತ ಕಂಪನಿಗಳಿಗೂ ಚೆನ್ನಾಗಿ ಗೊತ್ತಿದೆ.

ಹಾಡು ಬರೆದದ್ದು ಡ್ರಮ್ಮರ್ ರೋಜರ್ ಟೇಲರ್. ಇನ್ನೂ ಮಾತು ಕಲಿಯುತ್ತಿದ್ದ ಮಗ ರೇಡಿಯೋದ ಬಗ್ಗೆ ತೊದಲಿದ್ದೇ ಪಲ್ಲವಿಗೆ ಬೀಜವಾಯಿತು ಎಂಬ ಕಥೆ ಪ್ರಸಿದ್ಧ. ಟಿವಿ, ವಿಡಿಯೋಗಳ ಅಬ್ಬರದಲ್ಲಿ ರೇಡಿಯೋ ಮೂಲೆ ಸೇರುತ್ತಿದೆಯಲ್ಲ ಎಂಬ ಅಳಲು ಈ ಹಾಡಿನದು. ತಮಾಷೆಯೆಂದರೆ ಹಾಡನ್ನು ಜನರ ಮನಸ್ಸಿನಲ್ಲಿ ನೆಟ್ಟದ್ದು ಅದರ ವಿಡಿಯೋ. ಹಾಡು 1984ರ ಜನವರಿಯಲ್ಲಿ ಬಿಡುಗಡೆಯಾಗಿ ಬ್ರಿಟನ್ನಿನ ಪಟ್ಟಿಯಲ್ಲಿ ಎರಡನೆಯ ಸ್ಥಾನಕ್ಕೆ ಏರಿತು. ಮೊದಲ ಸ್ಥಾನದಲ್ಲಿ ‘ರಿಲ್ಯಾಕ್ಸ್’ ಎಂಬ ಹಾಡು ಅಲುಗಾಡದೆ ಕೂತಿತ್ತು.

ನಿರ್ದೇಶಕ ಡೇವಿಡ್ ಮ್ಯಾಲೆಟ್ ವಿಡಿಯೋದ ಬೆನ್ನೆಲುಬಾಗಿ ಆರಿಸಿಕೊಂಡದ್ದು ಫ್ರಿಟ್ಜ್ ಲಾಂಗ್‌ನ ‘ಮೆಟ್ರೊಪೊಲಿಸ್’ ಎಂಬ ಮೂಕಿ ಚಿತ್ರವನ್ನು. 1927ರ ಜನವರಿಯಲ್ಲಿ ಬರ್ಲಿನ್ನಿನಲ್ಲಿ ತೆರೆಕಂಡ ಈ ಚಿತ್ರದಲ್ಲಿ ನೆಲದ ಮೇಲೆ ಸಿರಿವಂತರ ಗಗನಚುಂಬಿ ನಗರ; ನೆಲದ ಕೆಳಗೆ, ತಲೆ ತಗ್ಗಿಸಿ ಸಾಲುಸಾಲಾಗಿ ಪಾಳಿಗೆ ಹೋಗುವ ಕಾರ್ಮಿಕರು. ಅದರ ತುಣುಕುಗಳ ನಡುವೆ ಕ್ವೀನ್ ತಂಡದ ನಾಲ್ವರು ಹಾರುವ ಕಾರಿನಲ್ಲಿ ಕೂತು ಆ ನಗರದ ಮೇಲೆ ಸುತ್ತುತ್ತಾರೆ. ಅಭಿಮಾನಿಗಳಿಗೆ ಸಿಕ್ಕಿದ್ದು ಆ ಕಾರ್ಮಿಕರ ಪಾತ್ರ.

‘ಮೆಟ್ರೊಪೊಲಿಸ್’ನ ಹೆಸರೆತ್ತಿದ ಮೇಲೆ ಅದರ ಗುಂಪು ದೃಶ್ಯಗಳ ಸಹನಟರನ್ನು ಮರೆಯಲಾಗದು. ಮೊದಲ ಮಹಾಯುದ್ಧ, ಆಮೇಲಿನ ಹಣದುಬ್ಬರ ಎರಡೂ ಸೇರಿ ಜರ್ಮನಿಯನ್ನು ಹಿಂಡಿದ್ದ ಕಾಲ. ಲಾಂಗ್‌ಗೆ ಜನ ಬೇಕಿತ್ತು, ಜನಕ್ಕೆ ಊಟ ಬೇಕಿತ್ತು. ಪಾತಾಳ ನಗರಕ್ಕೆ ನೀರು ನುಗ್ಗುವ ದೃಶ್ಯಕ್ಕೆ ಬರ್ಲಿನ್ನಿನ ಬಡ ಕೇರಿಗಳಿಂದ ನೂರಾರು ಮಕ್ಕಳನ್ನು ಕರೆತಂದು, ತಣ್ಣೀರಿನಲ್ಲಿ ನಿಲ್ಲಿಸಿ, ದಿನಗಟ್ಟಲೆ ಚಿತ್ರೀಕರಿಸಿದರು. ಅವರು ಅಭಿಮಾನಕ್ಕೆ ಬಂದವರಲ್ಲ, ಹೊಟ್ಟೆಪಾಡಿಗೆ ಬಂದವರು. ಐವತ್ತಕ್ಕೂ ಹೆಚ್ಚು ವರ್ಷಗಳ ನಂತರ ಅದೇ ಚಿತ್ರದ ನೆರಳಿನಲ್ಲಿ ಇಂಗ್ಲೆಂಡಿನ ಯುವಕ ಯುವತಿಯರು ಸ್ವಂತ ಖುಷಿಗೆ ಕಾರ್ಮಿಕರ ವೇಷ ತೊಟ್ಟರು. ಬೇಕೆಂದೇ ಮಾಡಿದ ಅಣಕವೇನಲ್ಲ, ಆದರೆ ಯಾರಾದರೂ ಒಮ್ಮೆ ಯೋಚಿಸಬಹುದಿತ್ತು.

ಹಾಡಿನ ಚಿತ್ರೀಕರಣದ ಒಂದು ದಿನ ಹೇಗಿರುತ್ತದೆ? ಹೊರಗಿನವರ ಕಲ್ಪನೆಯಲ್ಲಿ ಅದು ಸಂಗೀತ ಕಛೇರಿಯ ಹಾಗೆ. ಒಳಗೆ ಹೋದವರಿಗೆ ಗೊತ್ತು, ಬಹುಪಾಲು ಕಾಯುವುದೇ ಕೆಲಸ. ಬೆಳಿಗ್ಗೆ ಬಂದ ಕೂಡಲೇ ಹೆಸರು ಬರೆಸಿ, ಬಟ್ಟೆ ಬದಲಿಸಿ, ಒಂದು ಕಾಗದಕ್ಕೆ ಸಹಿ. ನಂತರ ಲೈಟ್ ಹಾಕುವವರ ಏಣಿ ಅತ್ತಿತ್ತ ಓಡಾಡುವುದನ್ನು ನೋಡುತ್ತ ಕೂರುವುದು. ಹೊಗೆ ಬಿಡುವ ಯಂತ್ರ ಒಮ್ಮೆ ಹೆಚ್ಚು ಬಿಡುತ್ತದೆ, ಒಮ್ಮೆ ಕಡಿಮೆ. ಸಹಾಯಕ ನಿರ್ದೇಶಕ ಎತ್ತರದವರನ್ನು ಹಿಂದಕ್ಕೆ, ಗಿಡ್ಡಗಿರುವವರನ್ನು ಮುಂದಕ್ಕೆ ಸರಿಸುತ್ತಾನೆ. ಗೆಳತಿಯ ಪಕ್ಕ ನಿಲ್ಲಬೇಕೆಂದು ಬಂದವಳು ಆರು ಸಾಲು ಆಚೆ ಹೋಗಿ ಬೀಳುತ್ತಾಳೆ.

ಆಮೇಲೆ ಹಾಡು. ತಂಡ ನಿಜವಾಗಿ ಹಾಡುವುದಿಲ್ಲ, ನುಡಿಸುವುದಿಲ್ಲ. ಧ್ವನಿಮುದ್ರಿಕೆಯನ್ನು ಸ್ಪೀಕರಿನಲ್ಲಿ ಹಾಕುತ್ತಾರೆ, ತುಟಿ ಅದಕ್ಕೆ ಹೊಂದಬೇಕು. ನಮ್ಮ ಸೆಟ್‌ಗಳಲ್ಲಿ ಹಿಂದೆ ಇದಕ್ಕೆ ನಾಗ್ರಾ ಹಾಕುವುದು ಎನ್ನುತ್ತಿದ್ದರು. ನಾಗ್ರಾ ಎಂಬುದು ಸ್ವಿಸ್ ಕಂಪನಿಯ ಟೇಪ್ ರೆಕಾರ್ಡರು. ಇಡೀ ಹಾಡನ್ನು ದೂರದಿಂದ ಒಮ್ಮೆ ತೆಗೆಯುತ್ತಾರೆ, ಎಡದಿಂದ ಒಮ್ಮೆ, ಬಲದಿಂದ ಒಮ್ಮೆ. ಬಳಿಕ ಪಲ್ಲವಿ ಮಾತ್ರ, ಕ್ರೇನಿನ ಮೇಲಿಂದ. ಆಮೇಲೆ ಬರೀ ಕೈಗಳು. ನಿಧಾನಗತಿಯ ದೃಶ್ಯ ಬೇಕಾದರೆ ಇನ್ನೊಂದು ಕಸರತ್ತು ಇದೆ: ಕ್ಯಾಮೆರಾವನ್ನು ಸೆಕೆಂಡಿಗೆ 24 ಚೌಕಟ್ಟಿನ ಬದಲು 48ಕ್ಕೆ ಓಡಿಸಿ, ಹಾಡನ್ನೂ ಎರಡು ಪಟ್ಟು ವೇಗದಲ್ಲಿ ಹಾಕುತ್ತಾರೆ. ಗಾಯಕ ಗಡಿಬಿಡಿಯ ಕೀಚಲು ಧ್ವನಿಗೆ ತುಟಿ ಆಡಿಸಬೇಕು, ಸಹನಟರು ಅದೇ ವೇಗಕ್ಕೆ ಕುಣಿಯಬೇಕು. ತೆರೆಯ ಮೇಲೆ ಬಂದಾಗ ತುಟಿ ಹಾಡಿಗೆ ಹೊಂದುತ್ತದೆ, ಕೂದಲು ಮಾತ್ರ ಗಾಳಿಯಲ್ಲಿ ತೇಲುತ್ತದೆ. ಎಷ್ಟೇ ಪ್ರೀತಿಯ ಹಾಡಾದರೂ ಸಂಜೆಯ ಹೊತ್ತಿಗೆ ಕಿವಿಗೆ ಬೇಡವಾಗುತ್ತದೆ. ಅಭಿಮಾನಕ್ಕೆ ಇದಕ್ಕಿಂತ ಗಟ್ಟಿಯಾದ ಪರೀಕ್ಷೆ ನನಗೆ ಗೊತ್ತಿಲ್ಲ.

ಇಲ್ಲೊಂದು ಸೂಕ್ಷ್ಮವಿದೆ. ಶೆಪ್ಪರ್ಟನ್ನಿನಲ್ಲಿ 500 ಜನ ತಟ್ಟಿದ ಚಪ್ಪಾಳೆಯಲ್ಲಿ ಒಂದಾದರೂ ನಮಗೆ ಕೇಳಿಸುವುದಿಲ್ಲ. ನಾವು ಕೇಳುವ ಚಪ್ಪಾಳೆ ಹಾಡಿನ ಧ್ವನಿಮುದ್ರಣದಲ್ಲೇ ಇದ್ದದ್ದು, ಚಿತ್ರೀಕರಣಕ್ಕೆ ಮುಂಚೆಯೇ ಸಿದ್ಧವಾದದ್ದು. ಅಭಿಮಾನಿಗಳ ಅಂಗೈ ಕೆಂಪಾದದ್ದು ಕಣ್ಣಿಗಾಗಿ ಮಾತ್ರ. ಮೂಕಿ ಚಿತ್ರದ ಗುಂಗಿನಲ್ಲಿ ತೆಗೆದ ವಿಡಿಯೋದಲ್ಲಿ ಅವರೂ ಮೂಕಿಗಳೇ.

ವಿಡಿಯೋ ಬಂದಾಗ ಎಲ್ಲರೂ ಮೆಚ್ಚಲಿಲ್ಲ. ಒಂದೇ ಬಗೆಯ ಉಡುಪು, ಒಮ್ಮೆಗೇ ಏಳುವ ಕೈಗಳು, ಎತ್ತರದಲ್ಲಿ ನಿಂತ ನಾಯಕ: ಕೆಲವು ವಿಮರ್ಶಕರಿಗೆ ನ್ಯೂರೆಂಬರ್ಗಿನ ನಾಜಿ ರ‍್ಯಾಲಿಗಳು ನೆನಪಾದವು. ಆಕ್ಷೇಪ ಪೂರ್ತಿ ಸುಳ್ಳಲ್ಲ. ಸಾವಿರ ಕೈ ಒಟ್ಟಿಗೆ ಎದ್ದಾಗ ಹಿತವಾಗಿ ಮೈ ನವಿರೇಳುವುದರ ಜೊತೆಗೆ ಒಂದಿಷ್ಟು ಅಳುಕೂ ಆಗುತ್ತದೆ, ಆಗಲೂಬೇಕು. ಆದರೆ ಕ್ವೀನ್ ತಂಡಕ್ಕೂ ಅದರ ಜನಸ್ತೋಮಕ್ಕೂ ಇದ್ದ ಸಂಬಂಧ ಅಂದು ಸ್ಟುಡಿಯೋದಲ್ಲಿ ಹುಟ್ಟಿದ್ದಲ್ಲ. ಅದರ ಬೇರು ಹುಡುಕಲು ಆರು ವರ್ಷ ಹಿಂದಕ್ಕೆ ಹೋಗಬೇಕು.

1977ರ ಮೇ ತಿಂಗಳು, ಸ್ಟಾಫರ್ಡ್ ಬಳಿಯ ಬಿಂಗ್ಲಿ ಹಾಲ್. ಕಾರ್ಯಕ್ರಮ ಮುಗಿದು ತಂಡ ಒಳಗೆ ಹೋದ ಮೇಲೂ ಜನ ಜಾಗ ಬಿಡಲಿಲ್ಲ. ಫುಟ್‌ಬಾಲ್ ಮೈದಾನದಲ್ಲಿ ಹಾಡುವ ಹಾಡೊಂದನ್ನು ತಾವೇ ಎತ್ತಿಕೊಂಡು ತಂಡಕ್ಕೆ ಹಾಡಿದರು. ಗಿಟಾರ್ ವಾದಕ ಬ್ರಯಾನ್ ಮೇ ಇದನ್ನು ಹಲವು ಸಂದರ್ಶನಗಳಲ್ಲಿ ನೆನೆದಿದ್ದಾನೆ. ಕೇಳುಗರು ಸುಮ್ಮನೆ ಕೂರಲು ಬಂದವರಲ್ಲ, ಅವರಿಗೂ ಹಾಡಿನಲ್ಲಿ ಏನಾದರೂ ಕೆಲಸ ಕೊಡಬೇಕು ಎಂದು ಅವನಿಗೆ ಹೊಳೆದದ್ದು ಅಲ್ಲಿ. ಕಿಕ್ಕಿರಿದ ಗುಂಪಿನಲ್ಲಿ ನಿಂತವನು ಏನು ಮಾಡಬಲ್ಲ? ಕಾಲು ಕುಟ್ಟಬಲ್ಲ, ಚಪ್ಪಾಳೆ ತಟ್ಟಬಲ್ಲ, ಕೂಗಬಲ್ಲ. ಅಷ್ಟರಿಂದಲೇ ‘ವಿ ವಿಲ್ ರಾಕ್ ಯು’ ಸಿದ್ಧವಾಯಿತು. ಮರ್ಕ್ಯುರಿ ಅದೇ ಹೊತ್ತಿನಲ್ಲಿ ‘ವಿ ಆರ್ ದ ಚಾಂಪಿಯನ್ಸ್’ ಕೊಟ್ಟ.

ಆ ಎರಡನೆಯ ಹಾಡಿನ ವಿಡಿಯೋಗೂ ಅಭಿಮಾನಿ ಸಂಘದವರನ್ನೇ ಕರೆದಿದ್ದರು. 1977ರ ಅಕ್ಟೋಬರ್, ಲಂಡನ್ನಿನ ನ್ಯೂ ಲಂಡನ್ ಥಿಯೇಟರ್. ಕಪ್ಪು ಬಿಳುಪು ಚೌಕಳಿಯ ಮೈಗಂಟಿದ ಉಡುಪಿನಲ್ಲಿ ಮರ್ಕ್ಯುರಿ. ಎದುರಿಗೆ ಇನ್ನೂ ಅಂಗಡಿಗೆ ಬಾರದ ಹಾಡನ್ನು ಮತ್ತೆ ಮತ್ತೆ ಕೇಳುತ್ತ, ಕೈ ಮೇಲೆತ್ತಿ ತೂಗುವ ಅಭಿಮಾನಿಗಳು. ಟೇಕುಗಳೆಲ್ಲ ಮುಗಿದ ಮೇಲೆ ತಂಡ ಅವರನ್ನು ಹಾಗೇ ಕಳಿಸಲಿಲ್ಲ. ಅದೇ ವೇದಿಕೆಯಲ್ಲಿ ಅವರಿಗಾಗಿಯೇ ಒಂದಿಷ್ಟು ಹಾಡುಗಳನ್ನು ನಿಜವಾಗಿ ನುಡಿಸಿ ತೋರಿಸಿತು. ನನ್ನ ಲೆಕ್ಕದಲ್ಲಿ ಇದು ಸರಿಯಾದ ಸಂಬಳ. ದಿನವಿಡೀ ಟೇಪಿಗೆ ಕೈ ಎತ್ತಿದವನಿಗೆ ಕೊನೆಯಲ್ಲಿ ಹತ್ತು ಹೆಜ್ಜೆ ದೂರದಿಂದ ನಿಜವಾದ ಗಿಟಾರು ಕೇಳಿಸಿದರೆ ಅವನ ಬಾಕಿ ತೀರಿತು.

ಈಗ 1985ರ ಜುಲೈ 13ಕ್ಕೆ ಬರೋಣ. ಇಥಿಯೋಪಿಯಾದ ಬರಗಾಲಕ್ಕೆ ನೆರವು ಕೂಡಿಸಲು ನಡೆದ ‘ಲೈವ್ ಏಡ್’. ಲಂಡನ್ನಿನ ವೆಂಬ್ಲಿ ಕ್ರೀಡಾಂಗಣದಲ್ಲಿ ಸುಮಾರು 72,000 ಜನ. ಎಲ್ಲರೂ ಕ್ವೀನ್‌ಗಾಗಿ ಬಂದವರಲ್ಲ. ಡೇವಿಡ್ ಬೋವಿ, ಯು2, ಎಲ್ಟನ್ ಜಾನ್ ಎಲ್ಲ ಇದ್ದ ಸಂತೆ ಅದು. ಸಂಜೆ ಆರೂ ಮುಕ್ಕಾಲರ ಸುಮಾರಿಗೆ ಕ್ವೀನ್ ವೇದಿಕೆ ಹತ್ತಿತು. ಸಿಕ್ಕ ಸಮಯ ಇಪ್ಪತ್ತು ನಿಮಿಷದ ಆಸುಪಾಸು. ಬೇಸಿಗೆಯ ಸಂಜೆ, ಇನ್ನೂ ಹಗಲು ಬೆಳಕು. ಹೊಗೆ, ಬಣ್ಣದ ಲೈಟುಗಳ ಆಸರೆ ಇಲ್ಲ. ‘ಬೊಹೀಮಿಯನ್ ರಾಪ್ಸಡಿ’ಯ ಅರ್ಧ ಹಾಡಿ, ಮರ್ಕ್ಯುರಿ ಎರಡನೆಯದಾಗಿ ಎತ್ತಿಕೊಂಡದ್ದು ‘ರೇಡಿಯೋ ಗಾ ಗಾ’.

ಪಲ್ಲವಿ ಬಂತು. 72,000 ಜನರ ಕೈಗಳು ತಲೆಯ ಮೇಲೆ ಹೋದವು. ಎರಡು ಚಪ್ಪಾಳೆ. ಕೈಗಳು ಚಾಚಿದವು. ಮತ್ತೆ ಎರಡು.

ಯಾರೂ ಅವರಿಗೆ ತಾಲೀಮು ಕೊಟ್ಟಿರಲಿಲ್ಲ. ಹಾಡಿದ್ದು ಮರ್ಕ್ಯುರಿ, ನಿಜ. ಆದರೆ ಚಪ್ಪಾಳೆಯ ಕ್ರಮ ಕಲಿಸಿದ್ದು ಶೆಪ್ಪರ್ಟನ್ನಿನ ಆ 500 ಮಂದಿ, ಟಿವಿಯ ಮೂಲಕ, ಒಂದೂವರೆ ವರ್ಷದಲ್ಲಿ. ಸ್ಟುಡಿಯೋದಲ್ಲಿ ಸದ್ದಿಲ್ಲದೆ ಹೋದ ಚಪ್ಪಾಳೆ ಇಲ್ಲಿ ಕೇಳಿಸಿತು. ಆ ದಿನದ ಧ್ವನಿಮುದ್ರಣದಲ್ಲಿ ಇಂದಿಗೂ ಕೇಳಿಸುತ್ತದೆ. ರಾಕ್ ಚರಿತ್ರೆಯ ಪುಸ್ತಕಗಳು ಈ ಕ್ಷಣವನ್ನು ಮರ್ಕ್ಯುರಿಯ ಮಾಂತ್ರಿಕತೆ ಎಂದು ಬರೆಯುತ್ತವೆ. ತೇರು ಹೊರಟಾಗ ಎಲ್ಲರೂ ನೋಡುವುದು ಉತ್ಸವಮೂರ್ತಿಯನ್ನು, ಹಗ್ಗ ಹಿಡಿದವರನ್ನಲ್ಲ, ಇಲ್ಲೂ ಹಾಗೇ.

ಮರ್ಕ್ಯುರಿಗೂ ನಮಗೂ ಒಂದು ಭೂಗೋಳದ ನಂಟಿದೆ, ಹೇಳಿಬಿಡುತ್ತೇನೆ. ಜಾಂಜಿಬಾರಿನ ಪಾರ್ಸಿ ಕುಟುಂಬದಲ್ಲಿ ಫರ್ರೋಖ್ ಬುಲ್ಸಾರಾ ಎಂಬ ಹೆಸರಿನಲ್ಲಿ ಹುಟ್ಟಿದ ಹುಡುಗ ಓದಿದ್ದು ಮಹಾರಾಷ್ಟ್ರದ ಪಂಚಗಣಿಯ ಸೇಂಟ್ ಪೀಟರ್ಸ್ ಶಾಲೆಯಲ್ಲಿ. ಅಲ್ಲಿನ ವಸತಿಶಾಲೆಯಲ್ಲಿ ‘ಹೆಕ್ಟಿಕ್ಸ್’ ಎಂಬ ತಂಡದಲ್ಲಿ ಪಿಯಾನೋ ನುಡಿಸಿದ. ಪಕ್ಕದ ಮಹಾಬಳೇಶ್ವರದಲ್ಲಿ ಹುಟ್ಟಿ, ಪಂಚಗಣಿಯ ಬೆಟ್ಟದ ಕೆಳಗೆ ಹಾದು ನಮ್ಮ ಬೆಳಗಾವಿ, ಬಾಗಲಕೋಟೆಗಳತ್ತ ಇಳಿದು ಬರುವ ಹೊಳೆ ಕೃಷ್ಣೆಯೇ ಆ ನಂಟು. ಮರ್ಕ್ಯುರಿಯ ಮೊದಲ ಪ್ರೇಕ್ಷಕರು ಶಾಲೆಯ ಸಭಾಂಗಣದಲ್ಲಿ ಕೂತ ಸಹಪಾಠಿಗಳು. ಕೂತವರನ್ನು ಎಬ್ಬಿಸುವ ವಿದ್ಯೆ ಅಲ್ಲೇ ಶುರುವಾಯಿತೇನೋ.

ಜನರಿಗೆ ಕೆಲಸ ಕೊಡದಿದ್ದರೆ ಏನಾಗುತ್ತದೆ ಎನ್ನುವುದಕ್ಕೆ ಇನ್ನೊಂದು ಚಿತ್ರೀಕರಣದ ಕಥೆ ಇದೆ. 1991ರ ಆಗಸ್ಟ್. ಅಮೆರಿಕದ ಸಿಯಾಟಲ್ ಕಡೆಯ ನಿರ್ವಾಣ ಎಂಬ ತಂಡ ಲಾಸ್ ಏಂಜಲೀಸ್‌ನ ರಾಕ್ಸಿ ಕ್ಲಬ್ಬಿನಲ್ಲಿ ಕಾರ್ಯಕ್ರಮ ಕೊಟ್ಟ ರಾತ್ರಿ, ಬಂದವರ ಕೈಗೆ ಕರಪತ್ರ ಹಂಚಿದರು. ಹೊಸ ವಿಡಿಯೋಗೆ ಜನ ಬೇಕಾಗಿದ್ದಾರೆ, ವಯಸ್ಸು 18ರಿಂದ 25ರ ಒಳಗಿರಲಿ, ಹೈಸ್ಕೂಲು ವಿದ್ಯಾರ್ಥಿಗಳಂತೆ ಬಟ್ಟೆ ಹಾಕಿ ಬನ್ನಿ, ಕಂಪನಿಗಳ ಗುರುತಿರುವ ಅಂಗಿ ಬೇಡ ಎಂಬ ಒಕ್ಕಣೆ. ಎರಡು ದಿನದ ನಂತರ, ಆಗಸ್ಟ್ 17ರಂದು, ಕಲ್ವರ್ ಸಿಟಿಯ ಸ್ಟುಡಿಯೋ ಒಂದರಲ್ಲಿ ಶಾಲೆಯ ಜಿಮ್ನಾಸಿಯಂ ಸೆಟ್ ಹಾಕಿ, ಆ ಹುಡುಗ ಹುಡುಗಿಯರನ್ನು ಮೆಟ್ಟಿಲು ಮೆಟ್ಟಿಲಾದ ಮರದ ಆಸನಗಳ ಮೇಲೆ ಕೂರಿಸಿದರು. ನಿರ್ದೇಶಕ ಸ್ಯಾಮ್ಯುಯೆಲ್ ಬೇಯರ್‌ಗೆ ಆಗಿನ್ನೂ ಹೆಸರಿರಲಿಲ್ಲ. ಹಾಡು ‘ಸ್ಮೆಲ್ಸ್ ಲೈಕ್ ಟೀನ್ ಸ್ಪಿರಿಟ್’.

ಕೂರಿಸಿದರು, ಅಷ್ಟೇ. ಹಾಡು ಮೊಳಗುತ್ತಿದೆ, ಎದ್ದು ಕುಣಿಯುವಂತಿಲ್ಲ. ಟೇಕಿನ ಮೇಲೆ ಟೇಕು. ಬಿಸಿ, ಹೊಗೆ, ಧ್ವನಿವರ್ಧಕದಲ್ಲಿ ನಿರ್ದೇಶಕನ ಗದರಿಕೆ. ಗಾಯಕ ಕರ್ಟ್ ಕೋಬೇನ್‌ಗೂ ಬೇಯರ್‌ಗೂ ಬೆಳಗ್ಗಿನಿಂದಲೇ ಹೊಂದಿಕೆ ಇರಲಿಲ್ಲ. ಸಂಜೆಯಾಗುವ ಹೊತ್ತಿಗೆ ಆ ಆಸನಗಳ ಮೇಲೆ ಕೂತಿದ್ದದ್ದು ಅಭಿಮಾನಿಗಳಲ್ಲ, ಸಿಟ್ಟಿಗೆದ್ದ ಗುಂಪು. ಕೊನೆಗೆ ಇವರನ್ನು ಕೆಳಗಿಳಿಯಲು ಬಿಡಿ ಎಂದು ಕೋಬೇನ್ ಒತ್ತಾಯಿಸಿದ. ಬಿಟ್ಟರು. ಇಡೀ ದಿನ ತಡೆದಿಟ್ಟದ್ದೆಲ್ಲ ಒಮ್ಮೆಗೇ ನುಗ್ಗಿತು. ಡಿಕ್ಕಿ ಹೊಡೆಯುತ್ತ, ಒಬ್ಬರನ್ನೊಬ್ಬರು ಎತ್ತಿ ಎಸೆಯುತ್ತ, ಸೆಟ್ಟನ್ನೇ ಪುಡಿಮಾಡಿದರು. ವಿಡಿಯೋದ ಕೊನೆಯಲ್ಲಿ ನಾವು ನೋಡುವುದು ಇದನ್ನೇ. ಅದು ಅಭಿನಯವಲ್ಲ, ದಿನವಿಡೀ ಕೂತ ಕಾಲುಗಳ ಸೇಡು.

ಸೆಪ್ಟೆಂಬರಿನಲ್ಲಿ ವಿಡಿಯೋ ಎಂಟಿವಿಗೆ ಬಂತು. ಮರುವರ್ಷದ ಜನವರಿಯಲ್ಲಿ ನಿರ್ವಾಣದ ‘ನೆವರ್‌ಮೈಂಡ್’ ಆಲ್ಬಂ ಅಮೆರಿಕದ ಪಟ್ಟಿಯಲ್ಲಿ ಮೈಕೆಲ್ ಜಾಕ್ಸನ್ನನ ‘ಡೇಂಜರಸ್’ ಅನ್ನು ಕೆಳಗಿಳಿಸಿ ಮೊದಲ ಸ್ಥಾನಕ್ಕೇರಿತು. ಅದೇ ಕಾಲದಲ್ಲಿ ಸ್ಟಾರ್ ಟಿವಿಯ ತಟ್ಟೆ ಹತ್ತಿಸಿಕೊಂಡ ನಮ್ಮ ನಗರಗಳ ಮನೆಗಳಿಗೂ ಆ ಪುಡಿಯಾಗುವ ಸೆಟ್ಟು ಬಂದು ತಲುಪಿತು. ಬೇಯರ್ ಜಾಣನೋ ಅದೃಷ್ಟವಂತನೋ, ನಾನು ಹೇಳಲಾರೆ. ಅವನು ಕೇಳಿದ್ದು ಶಿಸ್ತು, ಸಿಕ್ಕಿದ್ದು ದಂಗೆ, ಉಳಿದದ್ದು ದಂಗೆಯೇ.

ಕೂಲಿಯಿಲ್ಲದೆ ತೆರೆಗೆ ಬರುವ ಜನಸಾಗರ ನಮಗೂ ಹೊಸದಲ್ಲ. ರಿಚರ್ಡ್ ಅಟೆನ್‌ಬರೋನ ‘ಗಾಂಧಿ’ ಚಿತ್ರದ ಅಂತ್ಯಯಾತ್ರೆಯನ್ನು 1981ರ ಜನವರಿ 31ರಂದು, ನಿಜವಾದ ಅಂತ್ಯಯಾತ್ರೆ ನಡೆದು 33 ವರ್ಷ ತುಂಬಿದ ದಿನ, ದೆಹಲಿಯಲ್ಲಿ ಚಿತ್ರೀಕರಿಸಿದರು. ಸೇರಿದವರು ಮೂರು ಲಕ್ಷಕ್ಕೂ ಹೆಚ್ಚು. ಹಣ ಪಡೆದವರು ಒಂದು ಲಕ್ಷಕ್ಕಿಂತ ಕಡಿಮೆ. ಉಳಿದವರೆಲ್ಲ ತಾವಾಗಿ ಬಂದವರು. ಹನ್ನೊಂದು ತಂಡಗಳು 20,000 ಅಡಿ ಫಿಲ್ಮು ಓಡಿಸಿದವು, ತೆರೆಯ ಮೇಲೆ ಉಳಿದದ್ದು ಎರಡು ನಿಮಿಷ ಚಿಲ್ಲರೆ. ಇನ್ನು ನಮ್ಮ ಗಾಂಧಿನಗರದಲ್ಲಿ ಜೂನಿಯರ್ ಆರ್ಟಿಸ್ಟ್ ಎಂದು ಕರೆಸಿಕೊಳ್ಳುವವರಿಗೆ ಇದು ಅಭಿಮಾನದ ಮಾತಲ್ಲ, ದಿನದ ದುಡಿಮೆ. ಅಭಿಮಾನಿಗಳು ಬಿಟ್ಟಿಯಾಗಿ ಬಂದು ನಿಂತ ದಿನ ಇವರಿಗೆ ಕೆಲಸವಿಲ್ಲ. ಅಭಿಮಾನಿಯ ದೊಡ್ಡ ಮನಸ್ಸಿಗೆ ಇನ್ನೊಬ್ಬರು ಬೆಲೆ ತೆರುತ್ತಾರೆಂಬ ಈ ಮಾತನ್ನು ಯಾರೂ ಖುಷಿಯಿಂದ ಕೇಳುವುದಿಲ್ಲ, ಆದರೂ ನಿಜ.

ಬಿಟ್ಟಿ ಅಭಿಮಾನಿಯೋ, ಕೂಲಿಯ ಸಹನಟನೋ ಎಂಬ ಜಗಳವೂ ಈಗ ಹಳತಾಗುತ್ತಿದೆ. ಕ್ವೀನ್ ಕುರಿತ ‘ಬೊಹೀಮಿಯನ್ ರಾಪ್ಸಡಿ’ ಚಿತ್ರ 2018ರಲ್ಲಿ ಬಂತಲ್ಲ, ಅದರ ಲೈವ್ ಏಡ್ ದೃಶ್ಯಕ್ಕಾಗಿ ಇಂಗ್ಲೆಂಡಿನ ಬೋವಿಂಗ್ಡನ್ ವಿಮಾನನೆಲೆಯಲ್ಲಿ ವೆಂಬ್ಲಿಯ ವೇದಿಕೆಯನ್ನು ಮತ್ತೆ ಕಟ್ಟಿದರು. ಕರೆಸಿದ್ದು ನೂರಾರು ಸಹನಟರನ್ನು. ಕ್ರೀಡಾಂಗಣ ತುಂಬಿದ ಉಳಿದ ಜನ ಕಂಪ್ಯೂಟರಿನಲ್ಲಿ ಹುಟ್ಟಿದವರು. ಶೆಪ್ಪರ್ಟನ್ನಿನಲ್ಲಿ ಕಲಿತು, ವೆಂಬ್ಲಿಯಲ್ಲಿ ತಾನಾಗಿ ಹೊಮ್ಮಿದ ಆ ಚಪ್ಪಾಳೆ ಮತ್ತೆ ತಾಲೀಮಿಗೆ ಮರಳಿತು. 2023ರಲ್ಲಿ ಹಾಲಿವುಡ್ಡಿನ ನಟರು 118 ದಿನ ಮುಷ್ಕರ ಹೂಡಿದಾಗ ಇದೇ ದೊಡ್ಡ ತಕರಾರುಗಳಲ್ಲಿ ಒಂದಾಯಿತು: ಸಹನಟನ ಮೈಯನ್ನು ಒಂದು ದಿನ ಸ್ಕ್ಯಾನ್ ಮಾಡಿ, ಒಂದು ದಿನದ ಸಂಬಳ ಕೊಟ್ಟು, ಆ ಪ್ರತಿಯನ್ನು ಎಂದೆಂದಿಗೂ ಬಳಸಿಕೊಳ್ಳಲು ಸ್ಟುಡಿಯೋಗಳು ಹೊರಟಿವೆ ಎಂದು ನಟರ ಸಂಘ ಆರೋಪಿಸಿತು. ನಾವು ಹಾಗೆ ಹೇಳಿಲ್ಲ ಎಂದು ನಿರ್ಮಾಪಕರು ವಾದಿಸಿದರು. ಕೊನೆಯ ಒಪ್ಪಂದದಲ್ಲಿ ಡಿಜಿಟಲ್ ಪ್ರತಿಗೆ ಒಪ್ಪಿಗೆ ಬೇಕು ಎಂಬ ನಿಯಮ ಸೇರಿತು. ಕಂಪ್ಯೂಟರ್ ಪ್ರೇಕ್ಷಕ ಹೇಳಿದಷ್ಟೂ ಚಪ್ಪಾಳೆ ತಟ್ಟುತ್ತಾನೆ, ಚಹಾ ಕೇಳುವುದಿಲ್ಲ. ಸೆಟ್ಟು ಮುರಿಯುವುದು ಅವನಿಂದಾಗದು, ಹಾಡು ಮುಗಿದ ಮೇಲೆ ತಾನಾಗಿ ಇನ್ನೊಂದು ಹಾಡು ಎತ್ತಿಕೊಳ್ಳುವುದೂ ಆಗದು.

ಈಗ ಬೆಂಗಳೂರು, ಮೈಸೂರು, ಮಂಗಳೂರುಗಳಲ್ಲೂ ಸ್ವತಂತ್ರ ಸಂಗೀತ ತಂಡಗಳು, ರ‍್ಯಾಪ್ ಹಾಡುವ ಹುಡುಗರು ತಮ್ಮ ವಿಡಿಯೋಗಳಿಗೆ ಅಭಿಮಾನಿಗಳನ್ನು ಇನ್‌ಸ್ಟಾಗ್ರಾಂನಲ್ಲಿ ಕರೆಯುತ್ತಾರೆ. ಕರೆದರೆ ಹೋಗಿ ಬನ್ನಿ. ಹೊಟ್ಟೆಗೆ ತಿಂದು ಹೋಗಿ, ನೀರು ಒಯ್ಯಿರಿ, ಮೆತ್ತನೆಯ ಚಪ್ಪಲಿ ಹಾಕಿಕೊಳ್ಳಿ. ಮುಂದಿನ ಸಾಲೇ ಬೇಕೆಂದು ಹಟ ಮಾಡಬೇಡಿ. ಕ್ರೇನಿನ ಮೇಲಿಂದ ನೋಡಿದರೆ ಎಲ್ಲ ಸಾಲೂ ಒಂದೇ. ಸಹಿ ಹಾಕುವ ಮುಂಚೆ ಕೊಟ್ಟ ಕಾಗದವನ್ನು ಪೂರ್ತಿ ಓದಿ, ನಿಮ್ಮ ಮುಖವನ್ನು ಯಾವುದಕ್ಕೆ, ಎಷ್ಟು ಕಾಲ ಬಳಸುತ್ತಾರೆ ಎಂದು ಕೇಳಿ. ಚಿತ್ರೀಕರಣ ಮುಗಿದ ಮೇಲೆ ತಂಡದವರು ಒಂದು ಹಾಡನ್ನಾದರೂ ನಿಜವಾಗಿ ಹಾಡಿ ತೋರಿಸುತ್ತಾರಾ ಎಂದು ಕೇಳಲು ಸಂಕೋಚ ಬೇಡ. ಕ್ವೀನ್ ತಂಡ 1977ರಲ್ಲೇ ಹಾಡಿ ತೋರಿಸಿದೆ.